ಕಣ್ಣಿದ್ದೂ ಕಾಣದಿರುವಿಕೆ



ಶಿವಮೊಗ್ಗೆಯ ರಾಗಿಗುಡ್ಡವನ್ನೇರಿದವನಿಗೆ ಕೆಳಗಣ ಊರು ಕಾಣುವುದಷ್ಟೆ. ಆ ಕಾಣುವಿಕೆಯು ಕಣ್ಣೊಂದರಿಂದಲೇ ಆಗತಕ್ಕುದಲ್ಲ. ಕಣ್ಣಿನೊಳಗಣ ಪಟಲದ ಮೇಲೆ ಬಿದ್ದ ಬೆಳಕಿನ ಸುದ್ದಿಯು ನರದ ಮೂಲಕ ಮಿದುಳಿನ ನಡುವಣ ಥಲಾಮಸ್ಸನ್ನು ಹಾದು, ತಲೆಯ ಹಿಂಭಾಗದಲ್ಲಿರುವ ದೃಷ್ಟಿಕ್ಷೇತ್ರವನ್ನು ಮುಟ್ಟಬೇಕು. ಈ ದಾರಿಯಲ್ಲೆಲ್ಲಿಯೂ ಗಾಯವಿಲ್ಲದಿದ್ದರೂ ಕೆಲವರಿಗೆ ದೃಷ್ಟಿಯು ನಿಂತುಹೋಗುವುದುಂಟು. ಶಾಲೆಯ ಮಕ್ಕಳಲ್ಲಿಯೂ ಇದು ಕಂಡುಬರುತ್ತದೆ. ಭಯ, ಶೋಕ, ಬಾಯಿಬಿಟ್ಟು ಹೇಳಲಾರದ ಸಂಕಟಗಳು ಅನೇಕ ವೇಳೆ ಇದರ ಹಿಂದೆ ಇರುತ್ತವೆ.

ಇಂಥವರ ಕಣ್ಣಿಗೆ ದೀಪ ಹಿಡಿದರೆ ಪಾಪೆ ಕಿರಿದಾಗುವುದು. ಪಟ್ಟೆಗಳುಳ್ಳ ಉರುಳೆಯನ್ನು ತಿರುಗಿಸಿದರೆ ಕಣ್ಣು ಅದನ್ನು ಹಿಂಬಾಲಿಸುವುದು. ಇದನ್ನು ಕೇಳಿ ಮನೆಯವರು ‘ನಟನೆ’ ಎಂದು ಗದರಿಸುವರು. ಮತ್ತೆ ಕೆಲವರು ಗಾಳಿ ಸೋಕಿತೆಂದು ಮಂತ್ರವಾದಿಯನ್ನು ಕರೆಯುವರು. ಎರಡೂ ಅನ್ಯಾಯವೇ.

ಫ್ರಾಯ್ಡ್ ಪಂಡಿತನು 1910ರಲ್ಲಿಯೇ ಈ ವಿಷಯವಾಗಿ ಬರೆದನು. ಆದರೆ ಮಿದುಳನ್ನೇ ನೋಡುವ ಸಾಧನ ಅಂದು ಇರಲಿಲ್ಲ. 2004ರಲ್ಲಿ ವೆರಿಂಗ್ ಮತ್ತು ಅವರ ಸಂಗಡಿಗರು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಲಾಗಿ, ಬೆಳಕು ತೋರಿದಾಗ ಇಂತಹ ರೋಗಿಗಳ ದೃಷ್ಟಿಕ್ಷೇತ್ರದ ವ್ಯಾಪಾರವು ಕುಗ್ಗಿಯೂ, ಥಲಾಮಸ್ಸು ಮತ್ತು ಭಾವನೆಗಳಿಗೆ ಸಂಬಂಧಿಸಿದ ಕೆಲವು ಭಾಗಗಳದು ಹೆಚ್ಚಿಯೂ ಕಂಡವು. 2015ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ವಾಲ್ಡ್‌ಫೋಗೆಲ್ ಎಂಬ ಜರ್ಮನ್ ವಿದ್ವಾಂಸರು ವಿಸ್ತಾರವಾಗಿ ವರ್ಣಿಸಿದ ಮಹಿಳೆಯೊಬ್ಬಳಲ್ಲಿ, ಕಾಣದ ಸ್ಥಿತಿಯಲ್ಲಿ ಮಿದುಳಿನ ದೃಷ್ಟಿಸಂಕೇತವೇ ಮೂಡಲಿಲ್ಲ. ಕಾಣುವ ಸ್ಥಿತಿಯಲ್ಲಿ ಅದು ಸಹಜವಾಗಿತ್ತು. ಬಾಗಿಲು ಕೆಟ್ಟಿರಲಿಲ್ಲ, ಒಳಗಿನಿಂದ ಅಗುಳಿ ಬಿದ್ದಿತ್ತು. ಪರೀಕ್ಷೆಗೊಳಗಾದವರು ಕೆಲವರೇ ಆದುದರಿಂದ ಇದು ಕಡೆಯ ಮಾತಲ್ಲ. ಆದರೂ ರೋಗಿಯು ಸುಳ್ಳಾಡುತ್ತಿಲ್ಲವೆಂಬುದಕ್ಕೆ ಇದು ಬಲವಾದ ಆಧಾರ.

ಕರದಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವ ಶರಣರಿಗೆ, ನೋಟಕ್ಕೂ ಮನಸ್ಸಿಗೂ ಇರುವ ನಂಟು ಹೊಸತಲ್ಲ. ಮನಸ್ಸು ಬೇರೆಡೆಗೆ ಹೋದರೆ ಕಣ್ಣು ತೆರೆದಿದ್ದರೂ ಲಿಂಗವು ಕಾಣದೆಂಬುದು ಪೂಜೆಗೆ ಕುಳಿತವರ ಅನುಭವ. ಆದರೆ ಅಲ್ಲಿ ಮನಸ್ಸನ್ನು ಮರಳಿ ತರಬಹುದು. ಈ ರೋಗಿಗೆ ಅದು ಕೈಮೀರಿದೆ. ಆದುದರಿಂದ ‘ಮನಸ್ಸು ಮಾಡು, ಕಂಡೀತು’ ಎಂಬ ಉಪದೇಶ ಸಲ್ಲದು.

ಮಾಡಬೇಕಾದುದಿಷ್ಟು. ದೃಷ್ಟಿ ಹೋದೊಡನೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣಿನ ಅಥವಾ ನರದ ರೋಗವನ್ನು ಮನಸ್ಸಿನದೆಂದು ಬಗೆದರೆ ಕಣ್ಣೇ ಹೋದೀತು. ಮನಸ್ಸಿನ ಕಾರಣವೆಂದು ವೈದ್ಯರು ನಿಶ್ಚಯಿಸಿದ ಮೇಲೆ, ದೃಷ್ಟಿ ಮರಳಬಲ್ಲುದೆಂದು ಧೈರ್ಯ ಹೇಳಿ ಮನೋವೈದ್ಯರ ನೆರವು ಪಡೆಯಬೇಕು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು 14416ಕ್ಕೆ ದೂರವಾಣಿ ಮಾಡಿದವರಿಗೆ ಸಲಹೆ ನೀಡುವುದು.

ನೊಂದವರ ಮಾತನ್ನು ನಂಬುವುದೂ ದಾಸೋಹವೇ. ಅನ್ನವಿಕ್ಕುವ ಮನೆಯಲ್ಲಿ ಆ ನಂಬಿಕೆಗೆ ಬರವಾಗದಿರಲಿ.