ಜೋಳಿಗೆಗೆ ಹಾಕಲಾಗದ ವಸ್ತು

(ಮಲೆನಾಡಿನ ಗೆಳೆಯರ ಸಭೆಯಲ್ಲಿ ಬಾಗಲಕೋಟೆ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಬಯಲುಸೀಮೆಯವನು. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆಯನ್ನು ನಿಮ್ಮ ಊರುಗಳು ಆಷಾಢದ ಎರಡು ವಾರಗಳಲ್ಲಿ ಕಂಡುಬಿಡುತ್ತವೆ. ಆದರೂ ನಮಗೂ ನಿಮಗೂ ನೀರಿನ ನಂಟಿದೆ. ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬಾದಾಮಿಯ ಸೀಮೆಯನ್ನು ಹಾದು, ಪಟ್ಟದಕಲ್ಲು ಐಹೊಳೆಗಳ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನದಿಯ ಪ್ರವಾಹದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದರು. ಪ್ರವಾಹದ ಮಾತು ಬಂದೇ ಬರುತ್ತದೆ. ಆದರೆ ಅದಕ್ಕೆ ಮೊದಲು ನನ್ನದೇ ಒಂದು ವ್ಯಸನದ ಕುರಿತು ಹೇಳಿಕೊಳ್ಳಬೇಕಾಗಿದೆ. ಪರಿಸರದ ವೇದಿಕೆಯಲ್ಲಿ ಇಂಥ ಸ್ವಂತದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅವರು ಸ್ವಲ್ಪ ಸಹನೆಯಿಂದ ಕೇಳಬೇಕೆಂದು ಕೋರುತ್ತೇನೆ.

ನಾನು ಬೆಳೆದದ್ದು ಇಳಕಲ್‌ನಲ್ಲಿ. ಆಗ ಅದು ಹುನಗುಂದ ತಾಲೂಕಿಗೆ ಸೇರಿತ್ತು. ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಜನ ಜೋಳವನ್ನೋ ಕಾಸನ್ನೋ ಹಾಕುವುದು ರೂಢಿ. 1975ರಲ್ಲಿ ಅವರು ಆರಂಭಿಸಿದ 'ಮಹಾಂತ ಜೋಳಿಗೆ' ಬೇರೆಯದೇ ಭಿಕ್ಷೆಯನ್ನು ಬೇಡಿತು. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಅವರು ಮನೆಯಿಂದ ಮನೆಗೆ, ಊರಿಂದ ಊರಿಗೆ ತಿರುಗಿದರು. ಜನ ಬೀಡಿ, ತಂಬಾಕು, ಗುಟ್ಕಾ ಹಾಕಿದರು. ಕುಡಿತ ಬಿಡುವ ಮಾತು ಕೊಟ್ಟರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಣೆಗೆ ಬಂದಿತು.

ಜೋಳಿಗೆ ನಮ್ಮ ಓಣಿಗೆ ಬಂದಾಗ ನಾನಿನ್ನೂ ಹೈಸ್ಕೂಲಿನ ಹುಡುಗ. ನಮ್ಮ ತಂದೆ ಮಗ್ಗದ ಕುಣಿಯಿಂದ ಎದ್ದುಬಂದು, ಅಂಗಿಯ ಕಿಸೆಯಲ್ಲಿದ್ದ ಬೀಡಿಯ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಹಾಕಿ ಕೈಮುಗಿದರು. ಮೂರು ತಿಂಗಳ ನಂತರ ಹಿತ್ತಲಲ್ಲಿ ಮತ್ತೆ ಹೊಗೆ ಕಾಣಿಸಿತು. ಮುಂದಿನ ವರ್ಷ ಜೋಳಿಗೆ ಬಂದಾಗ ನಾಚಿಕೆಪಡದೆ ಎರಡನೆಯ ಸಲ ಹಾಕಿದರು. ಆಮೇಲೆ ಸಾಯುವವರೆಗೂ ಸೇದಲಿಲ್ಲ. ಎರಡನೆಯ ಸಲ ಹಾಕಿದ್ದಕ್ಕೆ ಯಾರೂ ಅವರನ್ನು ಹಂಗಿಸಲಿಲ್ಲ ಎಂಬುದು ನನಗೆ ಇಂದಿಗೂ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ.

ನನಗೆ ಬೀಡಿಯ ಚಟವಿಲ್ಲ, ಚಹಾ ಬಿಟ್ಟರೆ ಬೇರೇನೂ ಇಲ್ಲ ಎಂದು ಬಹುಕಾಲ ಹೆಮ್ಮೆಪಡುತ್ತಿದ್ದೆ. 2014ರಲ್ಲಿ ಮಗ ಒಂದು ಒಳ್ಳೆಯ ಮೊಬೈಲ್ ಫೋನ್ ತಂದುಕೊಟ್ಟ. ಮೊದಮೊದಲು ಅದರಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೆ. ಮುಂದೆ ಪ್ರತಿ ಬೆಳಗ್ಗೆ ಒಂದು ಟಿಪ್ಪಣಿ ಬರೆದು, ಚಿತ್ರದೊಡನೆ ಪರಿಚಿತರಿಗೆ ಕಳಿಸುವ ಅಭ್ಯಾಸವಾಯಿತು: ಅಗಸ್ತ್ಯತೀರ್ಥದ ಮೇಲೆ ಬಿದ್ದ ಎಳೆಬಿಸಿಲು, ಕೃಷ್ಣೆಯ ಹಿನ್ನೀರಿಗೆ ಬಂದಿಳಿದ ವಲಸೆ ಹಕ್ಕಿಗಳು, ಹುನಗುಂದದ ಕರಿನೆಲದಲ್ಲಿ ಹೂಬಿಟ್ಟ ಕುಸುಬೆ. ಮೂವತ್ತು ಜನರಿಂದ ಆರಂಭವಾದ ಓದುಗರು ಮುನ್ನೂರಾದರು. ಒಳ್ಳೆಯ ಕೆಲಸವೆಂದೇ ತಿಳಿದಿದ್ದೆ. ಈಗಲೂ ಅದು ಪೂರ್ತಿ ಕೆಟ್ಟ ಕೆಲಸವಾಗಿತ್ತೆಂದು ನಾನು ಹೇಳಲಾರೆ. ಆದರೆ ಬರಬರುತ್ತ ಬಿಸಿಲು ಬಿದ್ದದ್ದು ಟಿಪ್ಪಣಿಗಾಗಿಯೇ ಎಂಬಂತಾಯಿತು. ತರಗತಿಯಲ್ಲಿ ಮಕ್ಕಳು ಲೆಕ್ಕ ಬಿಡಿಸುತ್ತಿರುವಾಗ ನಾನು ಮೇಜಿನ ಕೆಳಗೆ ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುತ್ತಿದ್ದೆ. ಮೆಚ್ಚಿದವರು ಕಡಿಮೆಯಾದ ದಿನ ಮನೆಯಲ್ಲಿ ಸಿಡುಕುತ್ತಿದ್ದೆ. ಪ್ರಕೃತಿಪ್ರೇಮಿ ಎಂಬ ಹೆಸರು ಬಂದ ಆ ವರ್ಷಗಳಲ್ಲಿಯೇ ನಾನು ಪ್ರಕೃತಿಯನ್ನು ಅತ್ಯಂತ ಕಡಿಮೆ ನೋಡಿದ್ದೇನೆ.

ಇನ್ನು ಪ್ರವಾಹದ ಮಾತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ನಿಮಗೆ ನೆನಪಿರಬಹುದು. ಆಗ ನನ್ನ ಬಳಿ ಇದ್ದುದು ಕರೆ ಮಾಡಲಷ್ಟೇ ಬರುವ ಪುಟ್ಟ ಫೋನು. ಶಾಲೆಯ ನಾಲ್ವರು ಮಾಸ್ತರರು ಸೇರಿ ಎರಡು ದಿನ ಗಂಜಿಕೇಂದ್ರದಲ್ಲಿ ದುಡಿದೆವು. ಆ ದಿನಗಳ ಒಂದೂ ಚಿತ್ರ ನನ್ನಲ್ಲಿಲ್ಲ. ಆದರೆ ಯಾವ ಮುದುಕಿ ಯಾವ ಮೂಲೆಯಲ್ಲಿ ಮಲಗಿದ್ದಳೆಂಬುದನ್ನು ಇಂದಿಗೂ ಹೇಳಬಲ್ಲೆ.

ಹತ್ತು ವರ್ಷಗಳ ಬಳಿಕ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ಮೇಲೆ ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಿದ್ದರು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ಹೊಳೆ ನುಗ್ಗಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಅದೇ ಹೊಳೆಯ ದಡದ, ಹೆಸರು ಹೇಳದ ಒಂದು ಊರಿನಲ್ಲಿ ನಾನಿದ್ದೆ. ನೀರು ಏರುತ್ತಿದೆಯೆಂಬ ಸುದ್ದಿ ಆ ಊರಿಗೆ ಸಮಯಕ್ಕೆ ಸರಿಯಾಗಿ ಮುಟ್ಟಿದ್ದು ಫೋನಿನಿಂದಲೇ; ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಜನ ಮನೆಗಳಿಂದ ಜೋಳದ ಚೀಲ ಹೊರುತ್ತಿದ್ದರು, ದನ ಬಿಚ್ಚುತ್ತಿದ್ದರು. ನಾನು ಎತ್ತರದ ಕಟ್ಟೆಯೊಂದರ ಮೇಲೆ ನಿಂತು, ಎದುರಿನ ಮಣ್ಣಿನ ಮನೆಯೊಂದರ ಗೋಡೆ ತೊಯ್ದು ಕುಸಿಯುವುದನ್ನು ಚಿತ್ರೀಕರಿಸುತ್ತಿದ್ದೆ. ಸುಮಾರು ಇಪ್ಪತ್ತು ನಿಮಿಷ. ಆ ಮನೆಯ ಯಜಮಾನ ಒಬ್ಬನೇ ಚೀಲ ಎಳೆಯುತ್ತಿದ್ದವನು ನನ್ನತ್ತ ತಿರುಗಿ, "ಸರ್, ಅದನ್ನ ಕಿಸೇದಾಗ ಇಟಗೊಂಡು ಈ ಕಡೆ ಚುಂಗ ಹಿಡೀರಿ" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹಿಡಿದೆ. ಆದರೆ ಹಿಡಿಯುವುದಕ್ಕೆ ಮುನ್ನ, ಚಿತ್ರ ಸರಿಯಾಗಿ ಉಳಿದಿದೆಯೇ ಎಂದು ಒಂದು ಕ್ಷಣ ಪರೀಕ್ಷಿಸಿದೆ. ಆ ಒಂದು ಕ್ಷಣವನ್ನು ಕುರಿತು ಈ ತನಕ ಯಾರಿಗೂ ಹೇಳಿರಲಿಲ್ಲ.

ಅಂದು ರಾತ್ರಿ ಆ ಚಿತ್ರವನ್ನು ಎಲ್ಲರಿಗೂ ಕಳಿಸಿದೆ. ಅಷ್ಟು ಮೆಚ್ಚುಗೆ ನನ್ನ ಯಾವ ಹಕ್ಕಿಗೂ ಸಿಕ್ಕಿರಲಿಲ್ಲ.

ಹಾಗಾದರೆ ಫೋನನ್ನು ಜೋಳಿಗೆಗೆ ಹಾಕಿಬಿಡಬಾರದೇಕೆ ಎಂದು ನೀವು ಕೇಳಬಹುದು. ಹಾಕಲು ಬರುವುದಿಲ್ಲ ಎಂಬುದೇ ಇದರ ವಿಶೇಷ. ಬೀಡಿ ತೋರಿಸದಿದ್ದರೆ ಪಡಿತರ ಇಲ್ಲವೆಂದು ನಮ್ಮ ತಂದೆಗೆ ಯಾರೂ ಹೇಳಿರಲಿಲ್ಲ. ಇಂದು ಬ್ಯಾಂಕಿನಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲೆಡೆಯೂ ಫೋನಿಗೆ ಬಂದ ಅಂಕಿಯನ್ನು ಹೇಳಬೇಕು. ಬಿಡಬೇಕಾದ ವಸ್ತುವೇ ಬದುಕಿನ ಬಾಗಿಲ ಕೀಲಿಕೈಯೂ ಆಗಿ ಕುಳಿತಿದೆ. ಮದ್ಯದ ಅಂಗಡಿಯ ಒಳಗೆ ಅಂಚೆಪೆಟ್ಟಿಗೆ ಇಟ್ಟ ಹಾಗೆ. ಆದುದರಿಂದ ಇದನ್ನು ಕೇವಲ ಮನೋಬಲದ ಪ್ರಶ್ನೆಯೆಂದು ಉಪದೇಶಿಸುವವರೊಡನೆ ನನಗೆ ಸಹಮತವಿಲ್ಲ.

ಯಂತ್ರವೆಂದರೆ ಕೆಡುಕೆಂಬ ಮಾತನ್ನೂ ನೇಕಾರರ ಮನೆಯಲ್ಲಿ ಬೆಳೆದ ನಾನು ಒಪ್ಪಲಾರೆ. ಕುಣಿಮಗ್ಗವೂ ಯಂತ್ರವೇ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಬೆಸೆಯಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿ ತೆನೆಗಳು, ಹಣಿಗೆ, ಕೋಟೆಯ ತೆನೆಗೋಡೆ, ಬೆಟ್ಟಸಾಲು ಮೂಡುತ್ತವೆ. ಬೆಟ್ಟಸಾಲಿನ ಆ ವಿನ್ಯಾಸವನ್ನು ರಂಪ ಎಂದು ಕರೆಯುತ್ತಾರೆ. ಬಯಲಿನ ಹೆಂಗಸರು ತಲೆತಲಾಂತರದಿಂದ ಬೆಟ್ಟಸಾಲನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದಾರೆ ಎಂದರೆ ಬೆಟ್ಟದವರಾದ ನಿಮಗೆ ಸಂತೋಷವಾಗಬಹುದು. ತಂದೆ ಕೊಂಡಿ ಹಾಕುವಾಗ ಮಾತನಾಡುತ್ತಿರಲಿಲ್ಲ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಅದು ಸೀರೆಯಲ್ಲಿ ಕಾಣುತ್ತದೆ. ಆ ಯಂತ್ರ ಮನುಷ್ಯನ ಗಮನವನ್ನು ಬೇಡುತ್ತಿತ್ತು, ಬೇಡಿದ್ದಕ್ಕೆ ಪ್ರತಿಯಾಗಿ ಸಂಜೆ ಒಂದು ಮೊಳ ಬಟ್ಟೆಯನ್ನು ಕೊಡುತ್ತಿತ್ತು. ನನ್ನ ಕೈಯಲ್ಲಿದ್ದ ಯಂತ್ರವೂ ಗಮನವನ್ನೇ ಬೇಡುತ್ತಿತ್ತು. ಸಂಜೆ ಏನು ಕೊಟ್ಟಿತೆಂದು ಹುಡುಕಿದರೆ ಸಿಗುತ್ತಿರಲಿಲ್ಲ. (ಈಗ ನಮ್ಮ ಓಣಿಯ ನೇಕಾರರು ಗಿರಾಕಿಗಳಿಗೆ ಸೀರೆಯ ಚಿತ್ರ ಕಳಿಸಿ ಮಾರುತ್ತಾರೆ, ವಿದ್ಯುತ್ ಮಗ್ಗಗಳ ಎದುರು ಉಳಿದುಕೊಳ್ಳಲು ಅದೇ ಫೋನು ಅವರಿಗೆ ಆಸರೆ. ಇದನ್ನೂ ಹೇಳಿಬಿಡುತ್ತೇನೆ.)

ವಿದ್ಯುತ್ತಿನ ಮಾತು ಬಂದದ್ದರಿಂದ ಒಂದೆರಡು ಸಂಗತಿ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅದೇ ವರ್ಷ ನಿಮ್ಮ ಕಡೆ ಲಿಂಗನಮಕ್ಕಿ ಪೂರ್ಣಗೊಂಡಿತು. ನಿಮ್ಮವರು ಶರಾವತಿಯ ನೀರಿಗೆ ಮನೆ ಬಿಟ್ಟರು. ನಮ್ಮವರು ಕೃಷ್ಣೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಹೋದರು. ಶರಾವತಿಯ ಮುಖ್ಯ ವಿದ್ಯುದಾಗಾರದ್ದು 1035 ಮೆಗಾವಾಟ್, ಆಲಮಟ್ಟಿಯದು 290. ಫೋನೊಂದನ್ನು ನಿತ್ಯ ಭರ್ತಿ ಮಾಡಿದರೂ ವರ್ಷಕ್ಕೆ ಏಳೆಂಟು ಯೂನಿಟ್ ಸಾಕು. ಆದ್ದರಿಂದ ಫೋನು ನದಿಯನ್ನು ನುಂಗಿತೆಂದು ನಾನು ಹೇಳುವುದಿಲ್ಲ. ನುಂಗುವುದು ಅದರ ಬೆನ್ನ ಹಿಂದಿನ ವ್ಯವಸ್ಥೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ಒಟ್ಟು ಬಳಕೆಯ ಶೇಕಡಾ ಒಂದೂವರೆಯಷ್ಟು. ಅಂಥ ಯಾವುದೋ ಕೇಂದ್ರದ ಯಾವುದೋ ಪೆಟ್ಟಿಗೆಯಲ್ಲಿ ನನ್ನ ಎಳೆಬಿಸಿಲಿನ ಟಿಪ್ಪಣಿಗೂ ಒಂದಿಷ್ಟು ತಂಪುಗಾಳಿ ಬೀಸಲಾಗಿದೆ.

2022ರಲ್ಲಿ ಆ ಫೋನು ಏಕಾಏಕಿ ಸತ್ತುಹೋಯಿತು. ದುರಸ್ತಿಯವನು ತಲೆಯಾಡಿಸಿದ. ಎಂಟು ವರ್ಷದ ಟಿಪ್ಪಣಿಗಳು, ಚಿತ್ರಗಳು ಹೋದವು. ಬೇರೆಡೆ ಪ್ರತಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ನನಗಿರಲಿಲ್ಲ. ಹೊಸದು ಬರುವವರೆಗಿನ ಹನ್ನೊಂದು ದಿನಗಳಲ್ಲಿ ಮೊದಲ ನಾಲ್ಕು ದಿನ ಕೈ ತಾನಾಗಿಯೇ ಕಿಸೆಗೆ ಹೋಗುತ್ತಿತ್ತು, ತಂದೆಯ ಕೈ ಹೋಗುತ್ತಿದ್ದಂತೆ. ಐದನೆಯ ದಿನ ಬಸ್ಸು ಹತ್ತಿ ಬಾದಾಮಿಗೆ ಹೋದೆ.

ಮೂರನೆಯ ಗುಹೆಯನ್ನು ನಾನು ನೂರು ಸಲ ನೋಡಿರಬೇಕು, ನೂರು ಸಲವೂ ಚಿತ್ರ ತೆಗೆದಿರಬೇಕು. ಅದನ್ನು ಕೊರೆಸಿದ ಮಂಗಳೇಶನ ಸಂಸ್ಕೃತ ಶಾಸನದ ಕಾಲ 578. ಅಲ್ಲಿ ಅವನದೇ ಒಂದು ಪುಟ್ಟ ಕನ್ನಡ ಬರಹವೂ ಇದೆ, ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು. ಮಕ್ಕಳಿಗೆ ಅದನ್ನು ಪಾಠ ಮಾಡಿದ್ದೇನೆ. ಆದರೆ ಅದರ ಎದುರು ಸುಮ್ಮನೆ ನಿಂತದ್ದು ಅದೇ ಮೊದಲು. ಅರಸನು ಕಲ್ಮನೆಗೆ ಬಿಟ್ಟ ಊರಿನ ಹೆಸರಿನೊಡನೆ ದೇವರಿಗೆ ಹೂಮಾಲೆ ಕಟ್ಟುವವರ ಪ್ರಸ್ತಾಪವೂ ಅದರಲ್ಲಿದೆ. ಯುದ್ಧಗಳ, ಬಿರುದುಗಳ ನಡುವೆ ದಿನಾ ಹೂ ಕಟ್ಟುವವರೊಬ್ಬರ ಪಾಲಿನ ಲೆಕ್ಕ! ಅರ್ಧ ಗಂಟೆ ನಿಂತೆ. ಕೆಳಗೆ ಕೆರೆಯಲ್ಲಿ ಅಗಸರು ಬಟ್ಟೆ ಬಡಿಯುವ ಸದ್ದು ಬಂಡೆಗೆ ತಾಗಿ ಎರಡು ಸಲ ಕೇಳುತ್ತಿತ್ತು. ಅಂದಿನ ಅನುಭವವನ್ನು ಯಾರಿಗೂ ಕಳಿಸಲಾಗಲಿಲ್ಲ. ಇಂದು ನಿಮ್ಮೆದುರು ಹೇಳುತ್ತಿದ್ದೇನೆ, ಅಷ್ಟೇ.

ಈಗ ನನ್ನ ಬಳಿ ಮತ್ತೆ ಫೋನಿದೆ. ಸಂಜೆ ಆರಕ್ಕೆ ಅದನ್ನು ಅಡುಗೆಮನೆಯ ಡಬ್ಬಿಯೊಂದರಲ್ಲಿ ಇಡುತ್ತೇನೆ. ಮೂರು ದಿನಕ್ಕೊಮ್ಮೆ ಏನಾದರೊಂದು ನೆಪ ತೆಗೆದು ಹೊರತೆಗೆಯುತ್ತೇನೆ. ಟಿಪ್ಪಣಿಗಳನ್ನು ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಸತ್ತ ಫೋನು ಮೇಜಿನ ಖಾನೆಯಲ್ಲಿದೆ. ಸುಡುವಂತಿಲ್ಲ, ಹೂಳುವಂತಿಲ್ಲ, ನಮ್ಮ ಊರಿನಲ್ಲಿ ಕೊಡಬೇಕಾದ ಜಾಗವೂ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಆ ಹೊಳೆದಂಡೆಯ ಊರಿಗೆ ಹೋದೆ. ಚೀಲದ ಚುಂಗು ಹಿಡಿಸಿದ ಆ ಮನುಷ್ಯನ ಬಳಿ ಕ್ಷಮೆ ಕೇಳಬೇಕೆಂದಿತ್ತು. ಈಗ ಎತ್ತರದ ಜಾಗದಲ್ಲಿ ಸಿಮೆಂಟಿನ ಎರಡು ಕೋಣೆಯ ಮನೆ. ಚಹಾ ಕೊಟ್ಟ. ನಾನು ಬಾಯಿ ತೆರೆಯುವ ಮೊದಲೇ ಅವನು, "ಸರ್, ಅವತ್ತ ನೀವು ತಗದದ್ದು ಐತೇನ್ರಿ? ನಮ್ಮ ಹಳೀ ಮನೀದು ಒಂದ ಫೋಟೋನೂ ಇಲ್ಲ. ನಮ್ಮಪ್ಪ ಕಟ್ಟಿಸಿದ್ದು. ಮೊಮ್ಮಗಗ ತೋರಸಬೇಕಂತೀನಿ" ಎಂದ.

ನಾನು ನಾಚಿಕೊಂಡ ಆ ಚಿತ್ರವೊಂದೇ ಅವನಿಗೆ ನನ್ನಿಂದ ಬೇಕಾಗಿದ್ದ ವಸ್ತು. ಅದು ಖಾನೆಯಲ್ಲಿ ಸತ್ತು ಬಿದ್ದಿದೆ. ನಾನು ಅದನ್ನು ಕಳಿಸಿದ ಮುನ್ನೂರು ಜನರಲ್ಲಿ ಯಾರ ಬಳಿಯಾದರೂ ಉಳಿದಿದೆಯೇ ಎಂದು ಅಲ್ಲಿಂದಲೇ ವಿಚಾರಿಸಿದೆ. ಯಾರ ಬಳಿಯೂ ಇರಲಿಲ್ಲ. ಕೆಲವರಿಗೆ ನೋಡಿದ ನೆನಪೂ ಇರಲಿಲ್ಲ. ಆಗ ಅವನ ಮೊಮ್ಮಗನ ಪಾಟಿಯನ್ನು ಇಸಿದುಕೊಂಡು, ನೆನಪಿನಿಂದಲೇ ಮನೆಯನ್ನು ಬರೆದು ತೋರಿಸುತ್ತೇನೆಂದು ಕುಳಿತೆ. ಬಾಗಿಲು ಬರೆದೆ, ಕಟ್ಟೆ ಬರೆದೆ. ಕಟ್ಟೆಯ ಮೇಲೆ ಕಟ್ಟಿಗೆಯ ಕಂಬಗಳಿದ್ದವೆಂಬುದು ಗೊತ್ತು. ಇಪ್ಪತ್ತು ನಿಮಿಷ ನೋಡಿದ ಮನೆ. ಎಷ್ಟು ಕಂಬ ಎಂಬುದು ಹೊಳೆಯಲೇ ಇಲ್ಲ. ಬಳಪ ಹಿಡಿದು ಸುಮ್ಮನೆ ಕುಳಿತಿರಲು, ಒಳಗಿನಿಂದ ಅವನ ಹೆಂಡತಿ, "ಮೂರು ರೀ, ನಡುವಿಂದು ತುಸು ಡೊಂಕಿತ್ತು" ಎಂದಳು. ಮೂರು ಬರೆದೆ. ನಡುವಿನದನ್ನು ಅವಳೇ ಬಂದು ಕೈಯಿಂದ ಒರೆಸಿ, ಇನ್ನಷ್ಟು ಡೊಂಕಾಗಿ ತಿದ್ದಿದಳು.