ಫಿಲ್ಲಿಂಗ್ ಮಾಡಿದ ಐದನೇ ವರ್ಷ



ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ದಂತ ಚಿಕಿತ್ಸಾಲಯದಲ್ಲಾದರೂ ಕುರ್ಚಿಯಲ್ಲಿ ಕೂತವರು ಕೇಳುವುದು ಒಂದೇ: “ಡಾಕ್ಟ್ರೇ, ಈ ಸಿಮೆಂಟು ಎಷ್ಟು ವರ್ಷ ಬರುತ್ತೆ?” ಕೇಳುವವರ ಮನಸ್ಸಿನಲ್ಲಿರುವುದು ಅದರ ಗಟ್ಟಿತನ. ಫಿಲ್ಲಿಂಗ್ ಕೈಕೊಡುವುದು ಮಾತ್ರ ಹಲವು ಸಲ ಅಂಚಿನಲ್ಲಿ. ಹಲ್ಲಿಗೂ ತುಂಬಿದ್ದಕ್ಕೂ ನಡುವಿನ ಸಂದಿಗೆ ಬ್ಯಾಕ್ಟೀರಿಯಾ ಸೇರಿ, ಹಳೆಯ ಜಾಗದಲ್ಲೇ ಹೊಸ ಹುಳುಕು ಹುಟ್ಟುತ್ತದೆ. ತುಂಬಿದ ವಸ್ತುವೇ ಆ ಬ್ಯಾಕ್ಟೀರಿಯಾವನ್ನು ಕೊಲ್ಲಬಾರದೇಕೆ?

ಕೊಲ್ಲುತ್ತದೆ, ಕೆಲವು ದಿನ.

ತಾತ್ಕಾಲಿಕ ಸಿಮೆಂಟಿನೊಳಗಿನ ಲವಂಗದೆಣ್ಣೆಯ ಯೂಜಿನಾಲ್ ಜಿನುಗುವಷ್ಟು ಕಾಲ ಕೆಲಸ ಮಾಡುತ್ತದೆ. ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪಿಸಿ, 1972ರಲ್ಲಿ ದಂತವೈದ್ಯರ ಮುಂದಿಟ್ಟ ಗ್ಲಾಸ್ ಅಯೊನೊಮರ್ ಮೊದಲ ಒಂದೆರಡು ದಿನ ಧಾರಾಳವಾಗಿ ಫ್ಲೋರೈಡ್ ಬಿಡುತ್ತದೆ. ಆಮೇಲೆ ಅದು ತೀರ ಇಳಿಯುತ್ತದೆ. ಟೂತ್‌ಪೇಸ್ಟಿನಿಂದ ಸ್ವಲ್ಪ ಫ್ಲೋರೈಡ್ ಹೀರಿಕೊಂಡು ಮತ್ತೆ ಬಿಡುವ ಗುಣವೂ ಇದಕ್ಕುಂಟು. ಪಾವಗಡ, ಬಾಗೇಪಲ್ಲಿ ಕಡೆಯಿಂದ ಬಂದು ನೆಲೆಸಿದವರು ಫ್ಲೋರೈಡ್ ಎಂದೊಡನೆ ಬೆಚ್ಚಿದರೆ ನಗಬಾರದು. ಕೊಳವೆಬಾವಿಯ ನೀರು ಹಲ್ಲನ್ನು ಕಂದಾಗಿಸಿದ್ದನ್ನು ಅವರು ಮನೆಯಲ್ಲೇ ಕಂಡವರು. ಬಾಲ್ಯದಲ್ಲಿ ವರ್ಷಗಟ್ಟಲೆ ಕುಡಿದ ನೀರೇ ಬೇರೆ, ಸಿಮೆಂಟಿನಿಂದ ಜಿನುಗುವ ಅಲ್ಪಾಂಶವೇ ಬೇರೆ ಎಂದು ಬಿಡಿಸಿ ಹೇಳುವುದೂ ಚಿಕಿತ್ಸೆಯ ಭಾಗ.

ಜಿನುಗಿ ಮುಗಿಯುವ ಔಷಧದ ಬದಲು, ಜಿನುಗದೆ ಅಂಟಿಕೊಂಡಿರುವ ಔಷಧವನ್ನು ಜಪಾನಿನ ಒಸಾಕಾದಲ್ಲಿ ಸತೋಷಿ ಇಮಾಜಾಟೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಯೋಚಿಸಿದರು. ಎಂಡಿಪಿಬಿ ಎಂಬ ಆ ಅಣು ಹಲ್ಲಿಗೆ ತುಂಬುವ ರೆಸಿನ್‌ನ ಸರಪಳಿಗೇ ಬೆಸೆದುಕೊಳ್ಳುತ್ತದೆ. ಜಾಣ ಉಪಾಯವೇ. ಆದರೆ ತಾಗಿದ ಬ್ಯಾಕ್ಟೀರಿಯಾವನ್ನಷ್ಟೇ ಅದು ತಡೆಯಬಲ್ಲದು. ಎಂಜಲಿನ ಪ್ರೋಟೀನೂ ಸತ್ತ ಕೋಶಗಳೂ ಮೇಲೆ ಪದರ ಕಟ್ಟಿದರೆ ಅದರ ಬಲ ಕುಂದುತ್ತದೆ.

ಈ ಮಾತಿಗೆ ಈಗ ತುರ್ತು ಇದೆ. ಪಾದರಸ ಕುರಿತ 2013ರ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಅನುಮೋದನೆ ಕೊಟ್ಟಿತು. ಪಾದರಸ ಬೆರೆತ ಅಮಾಲ್ಗಂ, ಅಂದರೆ ‘ಬೆಳ್ಳಿ ತುಂಬಿಸುವುದು’, ಹಿಂದೆ ಸರಿಯುತ್ತಿದೆ, ಹಲ್ಲಿನ ಬಣ್ಣದ ಕಾಂಪೋಸಿಟ್ ಆ ಜಾಗಕ್ಕೆ ಬರುತ್ತಿದೆ. ಆದರೆ ದವಡೆ ಹಲ್ಲುಗಳಲ್ಲಿ ಕಾಂಪೋಸಿಟ್ ವಿಫಲವಾಗುವ ಅಪಾಯ ಅಮಾಲ್ಗಂಗಿಂತ ಹೆಚ್ಚು, ಮರುಹುಳುಕೂ ಹೆಚ್ಚು ಎಂದು ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ ಹೇಳಿತು. ಪುರಾವೆ ಅಷ್ಟು ಗಟ್ಟಿಯಲ್ಲ ಎಂದೂ ಸೇರಿಸಿತು.

ಗಟ್ಟಿ ಪುರಾವೆ ಎಲ್ಲಿಂದ ಬಂದೀತು? ದಂತವೈದ್ಯಕೀಯದ ಸ್ನಾತಕೋತ್ತರ ಪದವಿ ಎಂ.ಡಿ.ಎಸ್. ಓದು ಮೂರು ವರ್ಷದ್ದು. ಆ ಅವಧಿಯ ಸಂಶೋಧನೆಗೆ ಹೊಂದುವುದು ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆ, ಕಿತ್ತ ಹಲ್ಲು, ಕೆಲವು ವಾರಗಳ ಅಳತೆ. ಐದನೇ ವರ್ಷದ ಫಿಲ್ಲಿಂಗ್ ನೋಡಲು ಸಿಗುವುದು ಬಸವೇಶ್ವರನಗರದ ಅಡ್ಡರಸ್ತೆಯ ಪುಟ್ಟ ಕ್ಲಿನಿಕ್ಕಿನಲ್ಲಿ, ಮೂರು ತಲೆಮಾರಿನ ಒಂದೇ ಮನೆಯವರು ಬಂದು ಹೋಗುವ ಕಡೆ. ಯಾವ ಹಲ್ಲು, ಯಾವ ವಸ್ತು, ಯಾವ ದಿನ, ಮುಂದಿನ ಭೇಟಿಯಲ್ಲಿ ಅಂಚು ಹೇಗಿತ್ತು: ಇವು ರೋಗಿಯ ಕಾರ್ಡಿನಲ್ಲಿ ನಾಲ್ಕು ಸಾಲು. ಕಂಪನಿಯ ಪ್ರತಿನಿಧಿ ಹೊಸ ಸಿಮೆಂಟಿನ ಕರಪತ್ರ ಹಿಡಿದು ಬಂದಾಗ, ಅದರಲ್ಲಿನ ಗ್ರಾಫ್ ಎಷ್ಟನೇ ದಿನಕ್ಕೆ ನಿಂತಿದೆ ಎಂದು ಕೇಳಲು ಈ ಕಾರ್ಡುಗಳೇ ಧೈರ್ಯ ಕೊಡುತ್ತವೆ.