ಒಂದೇ ಹೆಸರು, ಬೇರೆ ಬೇರೆ ಮಕ್ಕಳು



ಆಟಿಸಂ ಎಂಬ ಮಾತು ಕೇಳಿದ್ದೀರಾ? ಕಾಗದಪತ್ರಗಳಲ್ಲಿ ಸ್ವಲೀನತೆ ಅಂತಲೂ ಬರೀತಾರೆ. ಇದು ಅಂಟುವ ಕಾಯಿಲೆ ಅಲ್ಲ. ಈ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ.

ಒಂದು ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಅಮ್ಮನ ಕೈ ಹಿಡಿದು ಎಳೆಯುತ್ತದೆ. ಇನ್ನೊಂದು ಮಗುವಿಗೆ ಮಾತು ಬರುತ್ತೆ. ಆದರೆ "ಊಟ ಬೇಕಾ?" ಅಂದರೆ, "ಊಟ ಬೇಕಾ?" ಅಂತ ಅದನ್ನೇ ತಿರುಗಿ ಹೇಳುತ್ತದೆ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಮತ್ತೊಂದು ಮಗು ಓದಿನಲ್ಲಿ ಚುರುಕು. ಬಸ್ಸಿನ ನಂಬರು, ಹೊರಡುವ ಹೊತ್ತು ಎಲ್ಲ ಬಾಯಿಪಾಠ. ಬಸ್ಸಿನ ಮಾತು ತೆಗೆದರೆ ನಿಲ್ಲಿಸೋದೇ ಇಲ್ಲ. ಕೇಳುವವರಿಗೆ ಸಾಕಾಯಿತು ಅಂತ ಅದಕ್ಕೆ ತಿಳಿಯುವುದಿಲ್ಲ.

ಮೂವರಿಗೂ ಇರುವುದು ಆಟಿಸಂ. ಮೊದಲು ಬೇರೆ ಬೇರೆ ಹೆಸರಿತ್ತು. ಮೂರನೆಯಂಥ ಮಗುವಿಗೆ ಆಸ್ಪರ್ಜರ್ ಅನ್ನುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಎಲ್ಲವನ್ನೂ ಒಂದೇ ಹೆಸರಿನಡಿ ತಂದಿತು. ಯಾವ ಮಗುವಿಗೆ ಎಷ್ಟು ನೆರವು ಬೇಕು ಎಂದು ನೋಡಿ ಮೂರು ಹಂತ ಮಾಡಿದರು. ನನಗಂತೂ ಇದೇ ಸರಿ ಅನ್ನಿಸುತ್ತೆ.

ಊರಲ್ಲಿ ಏನಂತಾರೆ? ಗ್ರಹಣದಲ್ಲಿ ತಾಯಿ ಹೊರಗೆ ಬಂದಳು, ಅದಕ್ಕೇ ಹೀಗೆ ಅಂತಾರೆ. ಓದಿದವರೇನೂ ಕಡಿಮೆ ಇರಲಿಲ್ಲ! ತಾಯಿ ಪ್ರೀತಿ ತೋರಿಸದ್ದಕ್ಕೇ ಮಗು ಹೀಗಾಯಿತು ಎಂದು ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ಡಾಕ್ಟರುಗಳೂ ಹೇಳಿದ್ದರು. ಎಷ್ಟು ತಾಯಂದಿರು ಅತ್ತರೋ! 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬುವರು ಪುಸ್ತಕ ಬರೆದು ಆ ಮಾತನ್ನು ಅಲ್ಲಗಳೆದರು. ಅವರೂ ಅಂಥದೇ ಒಂದು ಮಗುವಿನ ತಂದೆ. ತಾಯಿ ಸಾಕಿದ ರೀತಿಯಿಂದ ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ.

ಇದನ್ನು ತೆಗೆದುಹಾಕುವ ಮಾತ್ರೆ ಇಲ್ಲ. ತಾಯಿತ ಕಟ್ಟಿದರೆ ಹೋಗದು. ಕಲಿಸಿದರೆ ಮಕ್ಕಳು ಕಲಿಯುತ್ತವೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು. "ಇವನಪ್ಪನೂ ತಡವಾಗಿ ಮಾತಾಡಿದ್ದು" ಅಂತ ಕಾಯುತ್ತಾ ಕೂರಬೇಡಿ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದಿದ್ದರೂ ಮಗು ಕರೆದಾಗ ತಿರುಗುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನೋಡುತ್ತಾರೆ. 2016ರ ಅಂಗವಿಕಲರ ಹಕ್ಕಿನ ಕಾನೂನಿನಲ್ಲಿ ಆಟಿಸಂ ಕೂಡ ಸೇರಿದೆ. ಅದರ ಪ್ರಮಾಣಪತ್ರವನ್ನೂ ಕೇಳಿ.

ಹೋಗುವಾಗ ಒಂದು ಹಾಳೆ ಒಯ್ಯಿರಿ. ಮಗು ಏನೇನು ಮಾಡುತ್ತೆ, ಏನೇನು ಮಾಡಲ್ಲ, ಯಾವ ತಿಂಗಳಿನಿಂದ ಹೀಗೆ ಎಂದು ಅದರಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಇದನ್ನೇ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ!